ಕೇರಿಯಿಂದ ಹೊರಟ ವಸ್ತಿ ಬಸ್ಸು

ಕಾಗದದ ಮೇಲೆ ಆ ಊರಿಗೆ ಬಸ್ಸಿತ್ತು. ಸಂಚಾರ ನಿರೀಕ್ಷಕನಾಗಿ ನಾನು ಆ ಭಾಗಕ್ಕೆ ವರ್ಗವಾಗಿ ಬಂದಾಗ ಡಿಪೋದ ಗೋಡೆಯ ನಕಾಶೆಯಲ್ಲಿ ನೋಡಿದ್ದೆ. ಸವದತ್ತಿಯಿಂದ ಮನೋಳಿ ಕಡೆಗೆ ಹೋಗುವ ಒಂದು ಕೆಂಪು ಗೆರೆ, ಗೆರೆಯ ಮೇಲೊಂದು ಚುಕ್ಕೆ, ಚುಕ್ಕೆಯ ಪಕ್ಕದಲ್ಲಿ ಊರಿನ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿಯವರಿಗೆ ನಾಚಿಕೆಯಾಗಲಿ ಎಂದಾದರೂ ಬರೆಯಬಹುದಿತ್ತು. ಆದರೆ ನಾಚಿಕೆಪಡುವ ಮಂದಿಯಾಗಿದ್ದರೆ ನಾನು ಇಷ್ಟು ವರ್ಷದ ಮೇಲೆ ಇದನ್ನೆಲ್ಲ ಬರೆಯುತ್ತ ಕೂರುವ ಪ್ರಸಂಗವೇ ಬರುತ್ತಿರಲಿಲ್ಲ.

ಆ ಚುಕ್ಕೆ ಅಂದರೆ ಊರಲ್ಲ, ಕ್ರಾಸು. ಬಸ್ಸು ನಿಲ್ಲುವುದು ಅಲ್ಲಿ. ಊರಿರುವುದು ಅಲ್ಲಿಂದ ಒಳಗೆ ಹೆಚ್ಚುಕಮ್ಮಿ ಒಂದು ಹರದಾರಿ, ಅಂದರೆ ಮೂರು ಮೈಲಿ, ಎರೆ ಹೊಲಗಳ ನಡುವೆ. ಕ್ರಾಸಿನಲ್ಲಿ ಇಳಿದವರು ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಇಟ್ಟುಕೊಂಡು ನಡೆಯಬೇಕು. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಇಷ್ಟಾದರೂ ನಮ್ಮ ಲೆಕ್ಕದಲ್ಲಿ ಅದು ಸಾರಿಗೆ ಸೌಲಭ್ಯ ಇರುವ ಗ್ರಾಮ. ಹಾಗೆಂದು ಬರೆದವರು ಜೀಪಿನಲ್ಲಿ ಓಡಾಡುವವರು. ಜೀಪಿನಲ್ಲಿ ಕೂತವರಿಗೆ ಒಂದು ಹರದಾರಿ ಅಂದರೆ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಡುವಷ್ಟು ಹೊತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಹಳ್ಳಿಗಳಿಗೆ ಮೋಟರ್‌ಸೈಕಲ್ಲುಗಳು ಬಂದಿದ್ದವು, ಟೆಂಪೋಗಳು ಬಂದಿದ್ದವು. ಮೊದಲು ಬಸ್ಸಿಗಾಗಿ ಡಿಪೋದ ಮುಂದೆ ಕೂಗಾಡಲು ಬರುತ್ತಿದ್ದ ಹಿರಿಯರ ಮನೆಗಳಿಗೇ ಅವು ಮೊದಲು ಬಂದವು. ಹಾಗಾಗಿ ಕೂಗು ನಿಂತಿತು. ಕೂಗು ನಿಂತಿದೆ ಅಂದರೆ ಬಸ್ಸಿನ ಅಗತ್ಯವಿಲ್ಲ ಎಂದು ನಮ್ಮ ಮೇಲಿನವರು ತಿಳಿದುಕೊಂಡರು. ನಡೆಯುವವರು ಯಾವಾಗಲೂ ಕೂಗಿದವರಲ್ಲ, ಅವರಿಗೆ ಅದಕ್ಕೆ ಪುರುಸೊತ್ತೂ ಇರಲಿಲ್ಲ.

ಆ ಊರಿನ ಒಬ್ಬ ಹುಡುಗಿ ನನ್ನ ಹತ್ತಿರ ಬಂದದ್ದು ಮಹಾನವಮಿಗೆ ಮುಂಚೆ. ಬಸ್ ನಿಲ್ದಾಣದಲ್ಲಿ ಕಂಟ್ರೋಲರನ ಕಿಟಕಿಯ ಪಕ್ಕ ನನಗೊಂದು ಕೋಣೆ ಇತ್ತು. ಒಂದು ಕಾಲಿಗೆ ತೊಡೆಯವರೆಗೆ ಕಬ್ಬಿಣದ ಕ್ಯಾಲಿಪರ್, ಕೈಯಲ್ಲಿ ಕೋಲು, ಹೆಗಲಿಗೊಂದು ಬ್ಯಾಗು. ಸಣ್ಣವಳಿದ್ದಾಗ ಪೋಲಿಯೋ ಆಗಿತ್ತಂತೆ. ಕೂರಿ ಅನ್ನುವ ಮೊದಲೇ ಕುರ್ಚಿ ಎಳೆದುಕೊಂಡು ಕೂತಳು.

“ಸಾಹೇಬ್ರ, ನಿಮ್ಮ ನಕಾಶೇದಾಗ ನಮ್ಮೂರಿಗೆ ಬಸ್ ಐತಂತ. ಯಾವಾಗ ಬರತೈತಿ ಹೇಳ್ರಿ, ನಾ ತಯಾರಾಗಿ ನಿಂದರತೇನಿ.”

ನನಗೆ ನಗು ಬಂತು, ಆಮೇಲೆ ನಕ್ಕಿದ್ದಕ್ಕೆ ಸಂಕೋಚವೂ ಆಯಿತು. ಆಕೆ ತನ್ನ ವಿಷಯ ಹೇಳಿದಳು. ಸವದತ್ತಿಯ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನೇಮಕವಾಗಿತ್ತು. ಪರೀಕ್ಷೆ ಪಾಸು ಮಾಡಿ ಪಡೆದ ನೌಕರಿ. ಅಣ್ಣ ದಿನಾ ಬೆಳಿಗ್ಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕ್ರಾಸಿಗೆ ತಂದು ಬಿಡುತ್ತಿದ್ದ, ಸಂಜೆ ಬಂದು ಕರೆದೊಯ್ಯುತ್ತಿದ್ದ. ಕಬ್ಬಿನ ಹಂಗಾಮು ಸುರುವಾದರೆ ಅವನು ಫ್ಯಾಕ್ಟರಿ ಕಡೆ ಟ್ರ್ಯಾಕ್ಟರಿನ ಕೆಲಸಕ್ಕೆ ಹೋಗುವವನು, ಹೋದರೆ ಬೇಸಿಗೆಯವರೆಗೂ ಬರುವುದಿಲ್ಲ. ಆಕೆ ಇನ್ನೂ ಪ್ರೊಬೇಷನರಿ. ಮೂರು ಬಾರಿ ತಡವಾದದ್ದಕ್ಕೆ ಆಗಲೇ ಮೇಲಧಿಕಾರಿ ಕರೆದು, ಹೀಗೇ ಆದರೆ ತೆಗೆದುಹಾಕುತ್ತೇನೆ ಎಂದು ಹೇಳಿಯಾಗಿತ್ತು.

ಸವದತ್ತಿಯಲ್ಲೇ ಒಂದು ಕೋಣೆ ಹಿಡಿಯಬಾರದೇ ಎಂದು ಕೇಳಿದೆ. ಹುಡುಕಿದ್ದಳಂತೆ. ಮನೆಯವರು ಮೊದಲು ಊರು ಕೇಳುತ್ತಾರೆ, ಆಮೇಲೆ ಊರಲ್ಲಿ ಯಾವ ಕಡೆ ಮನೆ ಎಂದು ಕೇಳುತ್ತಾರೆ. ಕೇರಿ ಎಂದರೆ ಸಾಕು, ಕೋಣೆ ನಿನ್ನೆಯೇ ಬೇರೆಯವರಿಗೆ ಹೋಗಿರುತ್ತದೆ. ಇದನ್ನು ಹೇಳುವಾಗ ಆಕೆಯ ಮುಖದಲ್ಲಿ ಅಳುವೇನೂ ಇರಲಿಲ್ಲ. ದರ ಕೇಳಿ ಬಂದವರು ಹೇಳಿದ ಹಾಗೆ ಹೇಳಿದಳು.

ಹೊಸ ದಾರಿಗೆ ಬಸ್ಸು ಬಿಡುವ ಮೊದಲು ಖಾಲಿ ಗಾಡಿ ಒಯ್ದು ದಾರಿ ಪರೀಕ್ಷೆ ಮಾಡಬೇಕು. ನಾನು ನಮ್ಮ ಡಿಪೋದ ಹಳೆಯ ಡ್ರೈವರ್ ಒಬ್ಬನನ್ನು ಕರೆದುಕೊಂಡು ಹೋದೆ. ರಾಮದುರ್ಗ ತಾಲೂಕಿನ ಸಾಲಹಳ್ಳಿ ಕಡೆಯವನು. ಬಾಯಿತುಂಬ ತಂಬಾಕು, ಮಾತು ಕಮ್ಮಿ. ಎದುರಿಗೆ ಚಕ್ಕಡಿ ಬಂದರೆ ಎಲ್ಲಿ ಸರಿಯಬೇಕು, ಯಾವ ಮೋರಿಯ ಪೈಪು ಗಾಡಿಯ ಭಾರ ತಡೆಯುತ್ತದೆ, ಕರೆಂಟಿನ ತಂತಿ ಎಲ್ಲಿ ಜೋತು ಬಿದ್ದಿದೆ, ಜಾಲಿಯ ಕಂಟಿ ಎಲ್ಲಿ ಕಿಟಕಿಯೊಳಗೆ ಕೈ ಹಾಕುತ್ತದೆ, ಇವನ್ನೆಲ್ಲ ನೋಡಿಕೊಂಡು ನಿಧಾನಕ್ಕೆ ಒಳಗೆ ಹೋದೆವು. ದಾರಿ ಸುಮಾರಾಗಿತ್ತು. ಎರಡು ಕಡೆ ಕಂಟಿ ಕಡಿಸಿದರೆ ಸಾಕಿತ್ತು.

ತೊಡಕಾದದ್ದು ಬಸ್ಸು ತಿರುಗಿಸುವ ಜಾಗದಲ್ಲಿ. ಊರ ನಡುವೆ ಗುಡಿಯ ಮುಂದೆ ಒಂದು ಕಟ್ಟೆ, ಕಟ್ಟೆಯ ಸುತ್ತ ಮನೆಗಳು. ಡ್ರೈವರ್ ಪ್ರಯತ್ನಪಟ್ಟ. ಮುಂದೆ, ಹಿಂದೆ, ಮತ್ತೆ ಮುಂದೆ. ಹಿಂಬದಿಯ ಬಂಪರ್ ಒಂದು ಮನೆಯ ಪಡಸಾಲೆಯ ಕಂಬಕ್ಕೆ ತಾಗುವುದರಲ್ಲಿತ್ತು. ಸುತ್ತ ಮಕ್ಕಳು ಓಡಾಡುತ್ತಿದ್ದವು. ದಿನಾ ಇಲ್ಲಿ ಗಾಡಿ ಹಿಂದಕ್ಕೆ ತೆಗೆದರೆ ಒಂದಲ್ಲ ಒಂದು ದಿನ ಒಂದು ಕೂಸು ಚಕ್ರದ ಕೆಳಗೆ ಹೋಗುತ್ತದೆ. ಆಗುವುದಿಲ್ಲ ಅಂದೆ. ಪಂಚಾಯ್ತಿ ಅಧ್ಯಕ್ಷ ನಮ್ಮ ಜೊತೆಗೇ ಇದ್ದ. ಮಂದಿ ನಿಲ್ಲಿಸಿ ಸೀಟಿ ಹೊಡೆಸುತ್ತೇನೆ, ನೀವು ಇಲ್ಲೇ ತಿರುಗಿಸಿರಿ ಅಂದ. ಇದೇ ದಾರಿ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ.

“ಮುಂದೇನೂ ಇಲ್ರಿ ಸಾಹೇಬ್ರ. ಅಲ್ಲಿಗೆ ಊರ ಮುಗೀತು.”

ನಡೆದು ಹೋಗಿ ನೋಡಿದೆ. ಕಟ್ಟೆಯಿಂದ ಒಂದು ಕೂಗಳತೆ ದೂರದಲ್ಲಿ ಕೇರಿ. ಮನೆಗಳು, ನೀರಿನ ತೊಟ್ಟಿ, ಒಂದು ಅಂಗನವಾಡಿ, ಬಾಗಿಲಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದ ಹೆಣ್ಣುಮಕ್ಕಳು. ಕೇರಿ ದಾಟಿದ ಮೇಲೆ ಗರಸಿನ ಗಟ್ಟಿ ನೆಲದ ಒಂದು ಬಯಲು. ಡ್ರೈವರ್ ಗಾಡಿ ತಂದು ಒಂದೇ ಸುತ್ತಿಗೆ ತಿರುಗಿಸಿ ನಿಲ್ಲಿಸಿದ. ಮಳೆ ಬಂದರೂ ಚಕ್ರ ಹೂಳುವ ನೆಲ ಅಲ್ಲ. ಏನೂ ಇಲ್ಲ ಅಂದವನ ಕಡೆ ನೋಡಿದೆ. ಅವನು ಬೇರೆ ಕಡೆ ನೋಡುತ್ತಿದ್ದ.

ಆಮೇಲೆ ಮನೆಗೆ ಕರೆದೊಯ್ದು ಚುರುಮುರಿ, ಚಹಾ ಕೊಟ್ಟ. ಅಂಗಳದಲ್ಲಿ ಅವನ ತಮ್ಮಂದಿರ ಮೋಟರ್‌ಸೈಕಲ್ಲುಗಳು, ಹಿತ್ತಿಲಲ್ಲಿ ಒಂದು ಹೊಸ ಟೆಂಪೋ. ಅವನ ತಾಯಿ, ಎಪ್ಪತ್ತರ ಆಚೆಯ ಗಟ್ಟಿ ಮುದುಕಿ, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ಕೂತು, ಬಸ್ಸು ಬಂದರೆ ತವರಿಗೆ ಹೋಗಿಬರಲು ಅನುಕೂಲವಾಗುತ್ತದೆ ಎಂದು ನನ್ನನ್ನು ಹರಸಿದಳು. ಅಧ್ಯಕ್ಷ ದನಿ ತಗ್ಗಿಸಿ ತನ್ನ ಮಾತಿಗೆ ಬಂದ.

“ನೀವೂ ನಮ್ಮವರ ಅದೀರಿ. ನಿಮ್ಮ ಬೈಲಹೊಂಗಲದಾಗ ನಮ್ಮ ಬೀಗರು ಅದಾರ. ಗಾಡಿ ಆ ಕೇರಿ ಕಡಿಂದ ಹೊಂಟ್ರ ಕೇರಿಯವರು ಮೊದಲ ಕುಂತಿರತಾರ, ನಮ್ಮ ಹೆಣ್ಮಕ್ಕಳು ನಿಂದರಬೇಕಾಗತೈತಿ. ಅದನ್ನಷ್ಟ ವಿಚಾರ ಮಾಡ್ರಿ.”

ಚಹಾ ಅರ್ಧಕ್ಕೇ ಇಟ್ಟೆ. ನಾನೇನೂ ಹೊರಗಿನವನಲ್ಲ. ಇಂಥ ಮಾತು ಆಡುವ ಮನೆಗಳಲ್ಲೇ ಹುಟ್ಟಿ ಬೆಳೆದವನು, ಆದ್ದರಿಂದಲೇ ಅವನು ಅಷ್ಟು ಸಲೀಸಾಗಿ ನನ್ನ ಮುಂದೆ ಅದನ್ನು ಆಡಿದ. ಬಸ್ಸಿನ ಸೀಟಿಗೆ ಬೀಗತನ ತಂದವನನ್ನು ಕಂಡದ್ದು ಮಾತ್ರ ಅದೇ ಮೊದಲು. ಬಯಲಿನಲ್ಲೇ ತಿರುಗುತ್ತದೆ ಎಂದು ಹೇಳಿ ಎದ್ದು ಬಂದೆ.

ದೀಪಾವಳಿ ಹೊತ್ತಿಗೆ ಬಸ್ಸು ಸುರುವಾಯಿತು. ಬೆಳಿಗ್ಗೆ ಸವದತ್ತಿಯಿಂದ ಖಾಲಿ ಹೊರಟು, ಊರು ಮುಟ್ಟಿ, ಬಯಲಿನಲ್ಲಿ ತಿರುಗಿ, ಕಚೇರಿ ಬಾಗಿಲು ತೆಗೆಯುವ ಮೊದಲು ವಾಪಸು. ಸಂಜೆ ಇನ್ನೊಂದು ಸರತಿ. ಮೊದಲ ದಿನ ಮಾವಿನ ತೋರಣ, ತೆಂಗಿನಕಾಯಿ, ಡ್ರೈವರನಿಗೆ ಟಾವೆಲು, ಅಧ್ಯಕ್ಷನ ಭಾಷಣ. ಅವನೇ ಎಳೆದು ತಂದ ಬಸ್ಸು ಎಂಬಂತೆ ಮಾತಾಡಿದ. ಅದಕ್ಕೆ ನನ್ನದೇನೂ ತಕರಾರಿರಲಿಲ್ಲ. ಆಕೆಯ ಅಣ್ಣ ಮರುದಿನವೇ ಕಬ್ಬಿನ ಕೆಲಸಕ್ಕೆ ಹೋದ.

ಒಂದು ವಾರದ ಮೇಲೆ ಆಕೆ ಮತ್ತೆ ನನ್ನ ಕೋಣೆಗೆ ಬಂದಳು. ಬಸ್ಸು ಬರುತ್ತದೆ, ಹೊತ್ತಿಗೆ ಸರಿಯಾಗಿ ಬರುತ್ತದೆ, ಆದರೆ ಒಮ್ಮೆ ನೀವೇ ಕೂತು ನೋಡಿರಿ ಅಂದಳು. ಅಷ್ಟೇ. ನಾನು ಮರುದಿನ ಬೆಳಿಗ್ಗೆ ಸವದತ್ತಿಯಿಂದ ಅದೇ ಗಾಡಿಯಲ್ಲಿ ಹೋದೆ. ಬಸ್ಸು ಕಟ್ಟೆಯ ಹತ್ತಿರ ಬರುತ್ತಿದ್ದ ಹಾಗೆ ಊರವರು ದಾರಿಗಡ್ಡ ನಿಂತು ನಿಲ್ಲಿಸಿ ಹತ್ತಿಬಿಟ್ಟರು. ಗಾಡಿ ಇನ್ನೂ ಒಳಗೆ ಹೋಗಬೇಕು, ತಿರುಗಬೇಕು, ಅವರಿಗೆ ಅದು ಗೊತ್ತು. ಎಲ್ಲ ಸೀಟು ತುಂಬಿಕೊಂಡು, ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು, ಕೇರಿಯವರೆಗೆ ಬಂದು, ಕೇರಿಯವರು ಹತ್ತುವುದನ್ನು ಕೂತುಕೊಂಡು ನೋಡಿದರು. ಕೇರಿಯವರೆಲ್ಲ ನಿಂತರು. ಆಕೆಯೂ ನಿಂತಳು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮೇಲಿನ ಸರಳು. ಪಕ್ಕದ ಸೀಟಿನಲ್ಲಿ ಕೂತಿದ್ದ ಹರೆಯದ ಗಂಡಸು ಕಿಟಕಿಯಾಚೆ ಯಾವುದೋ ಅಪರೂಪದ ಹಕ್ಕಿ ಕಂಡವನ ಹಾಗೆ ಕತ್ತು ತಿರುಗಿಸಿಕೊಂಡ. ಎದ್ದೇಳು ಎಂದು ಗದರಿದೆ. ಎದ್ದ. ಆಕೆ ಕೂತ ತಕ್ಷಣ ಅವಳ ಪಕ್ಕ ಕೂತಿದ್ದವನೂ ಎದ್ದು ಹಿಂದೆ ಹೋದ.

ಸವದತ್ತಿಯಲ್ಲಿ ಇದೇ ಮಂದಿ ರಾಮದುರ್ಗದ ಗಾಡಿ ಹತ್ತುವಾಗ ಯಾರ ಪಕ್ಕ ಕೂರುತ್ತಾರೆ ಎಂದು ನೋಡಿದ್ದೇನೆ. ಯಾರನ್ನೂ ಏನೂ ಕೇಳುವುದಿಲ್ಲ. ಸೀಟು ಸಿಕ್ಕರೆ ಸಾಕು ಎಂದು ಕಿಟಕಿಯಿಂದ ಟಾವೆಲು ಎಸೆದು ಜಾಗ ಹಿಡಿಯುತ್ತಾರೆ. ಊರ ಗಡಿ ದಾಟಿದರೆ ಹೋಗುವ ಮೈಲಿಗೆ ಊರೊಳಗೆ ಬಂದರೆ ಹೇಗೆ ಬರುತ್ತದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೇಸಿಗೆ ಬಂತು ಅನ್ನುವುದಕ್ಕಿಂತ ಬೇರೆ ಮಾತು ನನ್ನ ಹತ್ತಿರ ಇಲ್ಲ.

ಕಂಡಕ್ಟರನಿಗೆ ಹೇಳಿದೆ, ಗಾಡಿ ತಿರುಗುವ ಮೊದಲು ಒಬ್ಬರನ್ನೂ ಹತ್ತಿಸಬೇಡ. ಕಿತ್ತೂರಿನ ಹುಡುಗ ಅವನು, ಹೊಸದಾಗಿ ಸೇರಿದವನು. ಎರಡು ದಿನ ಬಾಗಿಲಲ್ಲಿ ಅಡ್ಡ ನಿಂತ. ಮೂರನೆಯ ದಿನ ಅವನ ಅಂಗಿ ಹರಿಯಿತು. ಹತ್ತು ಮಂದಿ ದಾರಿಯಲ್ಲಿ ಕೂತುಬಿಟ್ಟರೆ ಗಾಡಿಯನ್ನು ಅವರ ಮೇಲೆ ಹಾಯಿಸಲು ಬರುವುದಿಲ್ಲ. ಬೆಳಗಿನ ಸರತಿ ತಡವಾಗತೊಡಗಿತು. ಬಸ್ಸು ತಡವಾದರೆ ಆಕೆ ತಡ, ಆಕೆ ತಡವಾದರೆ ಕಚೇರಿಯಲ್ಲಿ ಒಂದು ಕೆಂಪು ಗುರುತು.

ಒಂದು ಮಧ್ಯಾಹ್ನ ಡಿಪೋದಲ್ಲಿ ಸರತಿಗಳ ಪಟ್ಟಿ ತಿರುವಿಹಾಕುತ್ತಿದ್ದಾಗ ಉಪಾಯ ಹೊಳೆಯಿತು. ಬಸ್ಸು ಬೆಳಿಗ್ಗೆ ಒಳಗೆ ಹೋಗುವುದರಿಂದ ತಾನೇ ಅವರು ದಾರಿಯಲ್ಲಿ ಹತ್ತುವುದು? ಬಸ್ಸು ಬೆಳಿಗ್ಗೆ ಅಲ್ಲೇ ಇದ್ದರೆ? ಸಂಜೆಯ ಗಾಡಿಯನ್ನೇ ವಸ್ತಿ ಮಾಡಿಸಬೇಕು. ರಾತ್ರಿ ಬಯಲಿನಲ್ಲಿ ನಿಂತು, ಬೆಳಿಗ್ಗೆ ಕೇರಿಯಿಂದಲೇ ಮೊದಲ ಹೆಜ್ಜೆ ಹಾಕಬೇಕು. ಹತ್ತುವುದಕ್ಕೆ ಆಗ ಒಂದೇ ದಿಕ್ಕು. ಕಟ್ಟೆ ಎರಡನೆಯ ನಿಲ್ದಾಣವಾಗುತ್ತದೆ, ಅಷ್ಟೇ.

ಡಿಪೋ ಮ್ಯಾನೇಜರ್ ಒಪ್ಪಲು ಬಹಳ ಸತಾಯಿಸಿದರು. ವಸ್ತಿ ಅಂದರೆ ಡ್ರೈವರ್, ಕಂಡಕ್ಟರ್ ಇಬ್ಬರೂ ಮನೆ ಬಿಟ್ಟು ಗಾಡಿಯಲ್ಲೇ ಮಲಗಬೇಕು. ನೀರು ಬೇಕು, ದೀಪ ಬೇಕು, ಗಾಡಿಯ ಡೀಸೆಲ್ಲಿಗೆ ಕಾವಲು ಬೇಕು. ನಮ್ಮ ಕಡೆ ವಸ್ತಿ ಗಾಡಿಯವರಿಗೆ ಊರವರೇ ರೊಟ್ಟಿ ಕೊಡುವ ಪದ್ಧತಿ. ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ, ಯಾರೂ ಹೇಳಬೇಕಾಗಿಲ್ಲ. ಆ ನಂಬಿಕೆಯ ಮೇಲೆಯೇ ಹಳ್ಳಿಯ ವಸ್ತಿ ಗಾಡಿಗಳು ನಡೆದಿದ್ದವು. ಕೊನೆಗೆ ಮ್ಯಾನೇಜರ್, ಕಲೆಕ್ಷನ್ ಬೀಳಬಾರದು ಎಂಬ ಒಂದು ಷರತ್ತು ಹಾಕಿ ಹೂಂ ಅಂದರು.

ನಾನು ಮರೆತದ್ದು ಆ ರೊಟ್ಟಿಯನ್ನೇ. ವಸ್ತಿ ಸುರುವಾದ ಮೊದಲ ಸಂಜೆಯೇ ಅಧ್ಯಕ್ಷ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿ, ಕಂಡಕ್ಟರ್ ಡ್ರೈವರ್ ಇಬ್ಬರನ್ನೂ ಮನೆಗೆ ಕರೆದಿದ್ದ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಗಡಿಗೆ ಮೊಸರು. ಊಟ ಇಲ್ಲಿ, ಗಾಡಿ ಮಾತ್ರ ಕೇರಿಯಲ್ಲಿ ಅಂದರೆ ಹೇಗೆ, ಇಲ್ಲೇ ನಿಲ್ಲಿಸಿರಿ, ನಮ್ಮ ಆಳು ಕಾಯುತ್ತಾನೆ ಅಂದನಂತೆ. ಆಗ ಹಾಕಿದ್ದ ಡ್ರೈವರ್ ಬೇರೆಯವನು, ಹೊಟ್ಟೆಯ ಮಾತು ಕೇಳುವವನು. ಕೇರಿಯವರು ತಂದ ಬುತ್ತಿಯನ್ನು ಬಿಚ್ಚಿಯೂ ನೋಡದೆ ವಾಪಸು ಕಳಿಸಿದ್ದ. ಗಾಡಿ ಸಂಜೆ ಮಾತ್ರ ಬಯಲಿಗೆ ಹೋಗಿ ತಿರುಗಿ ಬಂದು, ರಾತ್ರಿಯೆಲ್ಲ ಕಟ್ಟೆಯ ಮುಂದೆ ನಿಂತು, ಬೆಳಿಗ್ಗೆ ಅಲ್ಲಿಂದಲೇ ತುಂಬಿಕೊಂಡು ಹೊರಟಿತು. ಕೇರಿಯವರೆಗೆ ಹೋಗುವ ಗೋಜೇ ಇಲ್ಲ. ಆಕೆ ಕೋಲೂರುತ್ತ ಕಟ್ಟೆಗೆ ಬರುವಷ್ಟರಲ್ಲಿ ಗಾಡಿ ಊರ ಹೊರಗಿತ್ತು.

ಆ ಡ್ರೈವರನಿಗೆ ನನ್ನ ಕೋಣೆಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವನನ್ನು ತೆಗೆದು ಸಾಲಹಳ್ಳಿ ಕಡೆಯ ಹಳೆಯ ಡ್ರೈವರನನ್ನು ಕರೆಸಿದೆ. ಊಟದ ವಿಷಯ ಎತ್ತಲು ನನಗೇ ಮುಜುಗರ. ಅವನೇ ತಂಬಾಕು ಉಗುಳಿ ಬಂದು ಹೇಳಿದ.

“ನನಗ ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ ಇದ್ರ ಸಾಕ್ರಿ. ಯಾವ ಓಣಿ ಅಂತ ಕೇಳಂಗಿಲ್ಲ.”

ಆಮೇಲೆ ಕೆಲವು ವಾರ ನಾನು ಎಣಿಸಿದ ಹಾಗೆಯೇ ನಡೆಯಿತು. ಗಾಡಿ ಬಯಲಿನಲ್ಲಿ ಮಲಗಿತು, ಬೆಳಿಗ್ಗೆ ಕೇರಿಯಿಂದ ಹೊರಟಿತು. ಆಕೆ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಕಚೇರಿಯ ಬಾಗಿಲು ತೆಗೆಯುವ ಜವಾನನಿಗಿಂತ ಮೊದಲು ಹೋಗಿ ಕಾಯುತ್ತಿದ್ದಳಂತೆ. ಒಂದು ದಿನ ನಿಲ್ದಾಣದಲ್ಲಿ ಸಿಕ್ಕಾಗ, ಮೇಲಧಿಕಾರಿ ಈಗ ನನ್ನ ಟೈಪಿಂಗ್ ಬಗ್ಗೆ ಮಾತಾಡುತ್ತಾರೆ, ಕಾಲಿನ ಬಗ್ಗೆ ಅಲ್ಲ ಎಂದು ಹೇಳಿ ನಕ್ಕಳು. ನನಗೆ ಆ ದಿನ ಊಟ ರುಚಿಸಿತು.

ಊರವರು ಏನು ಮಾಡುತ್ತಿದ್ದಾರೆ ಎಂದು ನೋಡಬೇಕೆನಿಸಿ ಒಂದು ಬೆಳಿಗ್ಗೆ ಡಿಪೋದ ಜೀಪಿನಲ್ಲಿ ಹೋಗಿ ಕಟ್ಟೆಯ ಹತ್ತಿರ ನಿಂತೆ. ಕೇರಿಯಿಂದ ಬಸ್ಸು ಬಂತು. ಸೀಟು ಬೇಕಾದಷ್ಟು ಖಾಲಿ ಇದ್ದವು. ಅಧ್ಯಕ್ಷನ ತಾಯಿ ಒಂದು ಚೊಂಬು ನೀರು, ಒಂದು ಅರಿವೆ ಹಿಡಿದು ಹತ್ತಿದಳು. ಖಾಲಿ ಸೀಟಿನ ಮೇಲೆ ನೀರು ಚಿಮುಕಿಸಿ ಒರೆಸಿದಳು. ಸೊಸೆಗೆ, ಮೊಮ್ಮಗಳಿಗೆ ಕೂರಲು ಹೇಳಿ, ಉಳಿದ ನೀರು ಕಿಟಕಿಯಾಚೆ ಚೆಲ್ಲಿ, ಚೊಂಬು ಕೆಳಗೆ ನಿಂತವರಿಗೆ ಕೊಟ್ಟಳು. ಅವಳಿಗೆ ಅದರಲ್ಲಿ ಸಿಟ್ಟೂ ಇರಲಿಲ್ಲ, ಸೆಡವೂ ಇರಲಿಲ್ಲ. ದೇವರ ಜಗಲಿ ಸಾರಿಸುವವಳ ಹಾಗೆ ಮಾಡಿದಳು. ಎರಡು ಸೀಟು ಮುಂದೆ, ಡ್ರೈವರನ ಹಿಂದೆ, ಆಕೆ ಕೂತಿದ್ದಳು, ನೀರಿನ ಹನಿ ಅವಳ ಹೆಗಲಿಗೂ ಬಿತ್ತು. ತಿರುಗಿ ನೋಡಲಿಲ್ಲ. ಅದೇ ಮುದುಕಿ ಅಂದು ಅವರ ಮನೆಯಲ್ಲಿ ನಾನು ಚಹಾ ಕುಡಿಯುವಾಗ ಹರಸಿದ್ದಳು.

ಒರೆಸುವುದು ಬೇಗನೆ ಸಾಕಾಯಿತು ಎಂದು ಕಾಣುತ್ತದೆ. ಸಂಕ್ರಾಂತಿಗೆ ಮುಂಚೆ ಅಧ್ಯಕ್ಷನ ಟೆಂಪೋ ಕಟ್ಟೆಯಿಂದ ಬಸ್ಸಿಗಿಂತ ಸ್ವಲ್ಪ ಮೊದಲು ಹೊರಡತೊಡಗಿತು. ಊರವರೆಲ್ಲ ಅದಕ್ಕೇ. ಒಳಗೆ ಹಿಡಿಸದಿದ್ದರೆ ಟಾಪಿನ ಮೇಲೆ, ಬಾಗಿಲಿಗೆ ಜೋತುಬಿದ್ದು, ಹಿಂದಿನ ಏಣಿಯ ಮೇಲೆ ಒಂದು ಕಾಲು ಊರಿಕೊಂಡು. ಹಣ ಬಸ್ಸಿನ ಟಿಕೆಟ್ಟಿಗಿಂತ ಜಾಸ್ತಿ. ಬಸುರಿಯರು, ಮುದುಕರು ಒಬ್ಬರ ತೊಡೆಯ ಮೇಲೆ ಒಬ್ಬರು. ಹಿಂದೆಯೇ ನಮ್ಮ ಬಸ್ಸು, ಕಾಲು ಚಾಚಿ ಕೂರುವಷ್ಟು ಜಾಗ ಇಟ್ಟುಕೊಂಡು, ಕೇರಿಯ ಕೆಲವರನ್ನು ಮಾತ್ರ ಕರೆದುಕೊಂಡು ಬರುತ್ತಿತ್ತು. ಟೆಂಪೋ ತಡೆಯಿರಿ ಎಂದು ನಾನು ಮೇಲಿನವರಿಗೆ ಹೇಳಿದೆ, ಅವರು ಇನ್ನೊಂದು ಇಲಾಖೆಗೆ ಹೇಳಿ ಎಂದರು, ಆ ಇಲಾಖೆಯವರು ಅಧ್ಯಕ್ಷನ ಮನೆಯಲ್ಲಿ ಎಳೆ ಜೋಳದ ಸೀತನಿ ತಿಂದು ಬಂದರು.

ಅಷ್ಟರಲ್ಲಿ ಬನದ ಹುಣ್ಣಿಮೆ ಬಂತು. ಎಲ್ಲಮ್ಮನ ಗುಡ್ಡಕ್ಕೆ ಮಂದಿ ಹರಿದು ಬರುವ ದಿನಗಳಲ್ಲಿ ನಮ್ಮ ಭಾಗದ ಡಿಪೋಗಳಲ್ಲಿ ಒಂದು ರೂಢಿ ಇತ್ತು. ಹಳ್ಳಿಯ ಗಾಡಿಗಳನ್ನೆಲ್ಲ ಎಳೆದು ಗುಡ್ಡಕ್ಕೆ ಹಾಕುವುದು. ಅಲ್ಲಿ ಕಲೆಕ್ಷನ್ ಬಂಗಾರ. ಹಳ್ಳಿಯವರು ಆ ನಾಲ್ಕಾರು ದಿನ ಹೇಗೋ ಮಾಡಿಕೊಳ್ಳುತ್ತಾರೆ ಎಂದು ಎಲ್ಲರೂ ಒಪ್ಪಿಕೊಂಡದ್ದು. ನಮ್ಮ ವಸ್ತಿ ಗಾಡಿಯನ್ನೂ ಎಳೆದರು. ನಾನೂ ಗುಡ್ಡದ ಕೆಳಗೆ ಜೋಗುಳಬಾವಿಯ ಹತ್ತಿರ ಗಾಡಿ ಬಿಡುವ ಕೆಲಸದಲ್ಲಿ ಹಗಲೂ ರಾತ್ರಿ ನಿಂತಿದ್ದೆ. ಧೂಳು, ಭಂಡಾರ, ಬೆವರು. ಹುಣ್ಣಿಮೆ ಮುಗಿದು ಬೇರೆ ಎಲ್ಲ ಊರಿನ ಗಾಡಿಗಳು ತಮ್ಮ ತಮ್ಮ ದಾರಿಗೆ ಹೋದವು. ಇದೊಂದು ಹೋಗಲಿಲ್ಲ.

ಮ್ಯಾನೇಜರರ ಹತ್ತಿರ ಹೋದೆ. ಅವರು ಕಲೆಕ್ಷನ್ನಿನ ಹಾಳೆ ನನ್ನ ಕಡೆ ತಿರುಗಿಸಿದರು. ಅದು ಬಿದ್ದುಹೋಗಿತ್ತು, ನಿಜ. ಬಿದ್ದದ್ದು ಯಾಕೆಂದು ಹೇಳಿದೆ. ಊರಿನ ಅರ್ಧಕ್ಕಿಂತ ಹೆಚ್ಚು ಮಂದಿ ಟಾಪಿನ ಮೇಲೆ ಸಾಯಲು ತಯಾರಿದ್ದಾರೆ, ಖಾಲಿ ಸೀಟಿನಲ್ಲಿ ಕೂರಲು ತಯಾರಿಲ್ಲ ಅಂದೆ. ಅವರು ಕೆಟ್ಟ ಮನುಷ್ಯರೇನಲ್ಲ, ಬೇಸರದಿಂದಲೇ ಕೇಳಿಕೊಂಡರು.

“ಅದು ಖರೇ ಇರಬಹುದು. ಆದ್ರ ಅದನ್ನ ಯಾವ ಕಾಲಮಿನಾಗ ಬರೀಲಿ ಹೇಳು.”

ಕ್ರಾಸಿನವರೆಗೆ ಬಸ್ಸು ಇದ್ದೇ ಇದೆಯಲ್ಲ, ಆ ಊರು ನಕಾಶೆಯಿಂದೇನೂ ಹೋಗುವುದಿಲ್ಲ ಎಂದೂ ಸಮಾಧಾನ ಹೇಳಿದರು. ನಾನು ಮೇಲಿನ ಕಚೇರಿಗೆ ಬರೆದೆ, ಮತ್ತೆ ಬರೆದೆ. ಉತ್ತರ ಬರಲಿಲ್ಲ. ಕೇರಿಯವರು ಟೆಂಪೋಕ್ಕೆ ಕೈ ಮಾಡಿದರೆ ಅದು ನಿಲ್ಲುತ್ತಿರಲಿಲ್ಲ. ಆಕೆ ಕೆಲವು ದಿನ ಯಾರದೋ ಚಕ್ಕಡಿಯಲ್ಲಿ, ಕೆಲವು ದಿನ ಹಾಲಿನ ಸೈಕಲ್ಲಿನ ಹಿಂದೆ ಕ್ರಾಸಿಗೆ ಬರುತ್ತಿದ್ದಳು ಎಂದು ಕೇಳಿದೆ. ಅವು ಸಿಗದ ದಿನ ನಡೆಯುತ್ತಿದ್ದಳು. ನಡೆದ ದಿನ ತಡವಾಗುತ್ತಿತ್ತು. ನನ್ನ ಕೋಣೆಗೆ ಬರುವುದನ್ನು ಬಿಟ್ಟಿದ್ದಳು.

ಹೋಳಿ ಮುಗಿದ ಮೇಲೆ ಟಿಕೆಟ್ ತಪಾಸಣೆಗೆಂದು ಆ ದಾರಿಯಲ್ಲಿ ಹೋಗಿದ್ದೆ. ಮಟಮಟ ಮಧ್ಯಾಹ್ನ, ಕ್ರಾಸಿನಲ್ಲಿ ಇಳಿದೆ, ಎದುರಿನಿಂದ ಬರುವ ಗಾಡಿ ಹತ್ತಬೇಕಿತ್ತು. ಬೇವಿನ ಗಿಡದ ಕೆಳಗೆ ಒಂದು ಕಲ್ಲಿನ ಮೇಲೆ ಆಕೆ ಕೂತಿದ್ದಳು. ನೆರಳಿನ ಇನ್ನೊಂದು ತುದಿಯಲ್ಲಿ, ಬೆನ್ನು ತಿರುಗಿಸಿ, ಅಧ್ಯಕ್ಷನ ತಾಯಿ ಒಂದು ಗಂಟು ಇಟ್ಟುಕೊಂಡು ಕೂತಿದ್ದಳು. ಮಗನ ಟೆಂಪೋ ಅವತ್ತು ಮದುವೆಯ ಬಾಡಿಗೆಗೆ ಬೆಳಗಾವಿಗೆ ಹೋಗಿತ್ತಂತೆ.

ಕಚೇರಿಯ ಹೊತ್ತಿನಲ್ಲಿ ಇಲ್ಲೇಕೆ ಎಂದು ಆಕೆಯನ್ನು ಕೇಳಿದೆ.

“ರಾಜೀನಾಮೆ ಕೊಟ್ಟ ಬಂದೇರಿ. ತಗದ ಹಾಕಿಸ್ಕೊಳ್ಳೂದಕ್ಕಿಂತ ಬರದ ಕೊಡೂದು ಛಲೋ ಅಂದ್ರು. ನಾನ ಟೈಪ್ ಮಾಡೇನಿ. ಒಂದೂ ತಪ್ಪಿಲ್ಲ.”

ಇನ್ನೊಂದು ತಿಂಗಳು ತಡೆದಿದ್ದರೆ ಅಂತ ಏನೋ ಸುರು ಮಾಡಿದೆ, ನನ್ನ ಮಾತು ನನಗೇ ಅಸಹ್ಯವಾಗಿ ಕೇಳಿಸಿತು. ಒಳಗಿನ ಸಿಟ್ಟು ಎಲ್ಲಿಗಾದರೂ ಹೋಗಬೇಕಿತ್ತು. ಮುದುಕಿಯ ಎದುರಿಗೆ ಹೋಗಿ ನಿಂತೆ. ಯವ್ವಾ, ವಸ್ತಿ ಗಾಡಿ ಮತ್ತೆ ಚಾಲೂ ಮಾಡಿಸುತ್ತೇನೆ, ಈ ಬಿಸಿಲಿನಲ್ಲಿ ಕೂರುವುದು ತಪ್ಪುತ್ತದೆ, ಆದರೆ ಕೇರಿಯಿಂದಲೇ ಹೊರಡುತ್ತದೆ, ನೀನು ನಿನ್ನ ಮನೆಯವರು ಹತ್ತುತ್ತೀರೇನು ಎಂದು ಕೇಳಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಗುರುತು ಹಿಡಿದಳು, ಅಕ್ಕರೆಯಿಂದಲೇ ಉತ್ತರ ಕೊಟ್ಟಳು.

“ಬ್ಯಾಡ ಬಿಡಪ್ಪಾ, ನಡದ ಹೋಕ್ಕೇವಿ. ನಮಗೇನ ಕಾಲಿಲ್ಲೇನು?”

ಆಕೆಗೆ ಅದು ಕೇಳಿಸಿತು. ಕೋಲು ಊರಿ ಎದ್ದಳು, ಬಗ್ಗಿ ಮೊಣಕಾಲಿನ ಹತ್ತಿರದ ಕಬ್ಬಿಣದ ಬಳೆಯನ್ನು ಕೆಳಗೆ ಜಾರಿಸಿ ಕೀಲು ಬಿಗಿ ಮಾಡಿಕೊಂಡಳು. ತಡೆ, ಯಾವುದಾದರೂ ಚಕ್ಕಡಿ ಬರಬಹುದು ಅಂದೆ. ಬೇಡ ಅಂದಳು. ಊರಿನ ದಾರಿ ಹಿಡಿದು ನಡೆಯತೊಡಗಿದಳು. ಒಂದು ಹೆಜ್ಜೆ, ಆಮೇಲೆ ಕಬ್ಬಿಣ ಕಟ್ಟಿದ ಕಾಲನ್ನು ಸುತ್ತುಹಾಕಿಸಿ ಎಳೆದು ತಂದು ಮುಂದಿಡುವುದು, ಮತ್ತೊಂದು ಹೆಜ್ಜೆ.

ಮುದುಕಿ ಹೋಗಬೇಕಾದದ್ದೂ ಅದೇ ದಾರಿ. ಆದರೆ ಅವಳು ಏಳಲಿಲ್ಲ. ಜೊತೆಗೆ ನಡೆಯುವಂತಿಲ್ಲ, ಪಕ್ಕದಿಂದ ದಾಟಿ ಮುಂದೆ ಹೋಗುವಂತೆಯೂ ಇಲ್ಲ. ಹುಡುಗಿ ಸಾಕಷ್ಟು ದೂರ ಹೋಗಲಿ ಎಂದು ಕಾಯುತ್ತಿದ್ದಳು. ಹುಡುಗಿ ದೂರ ಹೋಗುವುದಕ್ಕೆ ಬಹಳ ಹೊತ್ತು ಬೇಕಿತ್ತು. ನನ್ನ ಬಸ್ಸು ಬಂದು ನಿಂತಾಗಲೂ ಕಾಯುತ್ತಲೇ ಇದ್ದಳು. ಅಷ್ಟರಲ್ಲಿ ಬೇವಿನ ನೆರಳು ಸರಿದು ಅವಳ ಮೇಲೆ ಬಿಸಿಲು ಬಿದ್ದಿತ್ತು, ಅವಳು ಸೆರಗು ತಲೆಯ ಮೇಲೆಳೆದುಕೊಂಡು ಬಿಸಿಲಿನಲ್ಲೇ ಕೂತಿದ್ದಳು.